ಚಪ್ಪಲಿಗೆ ಚುಚ್ಚಿಟ್ಟ ಫ್ರೆಟ್ಟುಗಳು

ಮಾರ್ಚ್ ೩, ಸೋಮವಾರ

ಈ ಪುಸ್ತಕ ನನ್ನ ಹೆಂಡತಿ ತಂದುಕೊಟ್ಟದ್ದು. "ನಿಮ್ಮ ಅನುಮಾನಗಳನ್ನೆಲ್ಲ ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ ರೀ. ಇನ್ಮೇಲೆ ಇದರಲ್ಲಿ ಬರ್ಕೊಳ್ಳಿ" ಅಂದಳು. ಬರವಣಿಗೆಗೂ ನನಗೂ ಐದನೇ ಕ್ಲಾಸಿನಲ್ಲೇ ಜಗಳವಾಗಿ ಮಾತು ನಿಂತುಹೋಗಿತ್ತು. ಇಷ್ಟು ವರ್ಷದ ಮೇಲೆ ಈಗ ರಾಜಿ. ಆದರೂ ಇವಳು ಪುಸ್ತಕ ಯಾಕೆ ಕೊಟ್ಟಳು? ನಾನು ಮಲಗಿದ ಮೇಲೆ ಓದುವುದಕ್ಕೇ ಇರಬೇಕು. ಓದುತ್ತಿದ್ದೀಯಾ? ಹಾಗಾದರೆ ತಿಳಿದುಕೋ, ಇವತ್ತು ಅಡುಗೆಗೆ ಉಪ್ಪು ಹೆಚ್ಚಾಗಿತ್ತು.

ನನ್ನ ಅನುಮಾನಕ್ಕೆ ಕಾರಣವಿದೆ. ಹೋದ ವರ್ಷ ಒಬ್ಬ ರಿಪೇರಿಗೆ ಕೊಟ್ಟ ಗಿಟಾರ್ ಕದ್ದ ಮಾಲಾಗಿತ್ತು. ಪೊಲೀಸರು ಬಂದು ಅಂಗಡಿಯನ್ನು ಕೋಳಿ ಕೆದರಿದ ಹಾಗೆ ಕೆದರಿ, ನನ್ನನ್ನು ದಿನವೆಲ್ಲ ಠಾಣೆಯ ಬೆಂಚಿನ ಮೇಲೆ ಕೂರಿಸಿದರು. ಕಳ್ಳ ಸಿಕ್ಕಿದ ಮೇಲೆ ನನ್ನ ತಪ್ಪಿಲ್ಲ ಅಂತ ಬಿಟ್ಟರು. ಬಿಡುವಾಗ ಸಾಹೇಬರು, "ಇನ್ನೊಂದ್ಸಲ ಕದ್ದ ಮಾಲು ನಿನ್ನ ಹತ್ರ ಸಿಕ್ರೆ ಅಂಗಡಿಗೆ ನಾವೇ ಬೀಗ ಹಾಕ್ತೀವಿ" ಅಂದರು. ಅವರಿಗೆ ಯಾಕೆ ತೊಂದರೆ ಅಂತ ನಾನೇ ಎರಡು ಬೀಗ ಹೆಚ್ಚಿಗೆ ತಂದು ಹಾಕಿದೆ. ಈಗ ಒಟ್ಟು ಮೂರು.

ಇವತ್ತು ಹೊಸಬನೊಬ್ಬ ಬಂದ. ನಲವತ್ತರ ಆಚೀಚೆ. ಶರ್ಟಿನ ತೋಳಿನ ಮಡಿಕೆ ಮುಟ್ಟಿದರೆ ಕೈ ಕುಯ್ಯುವ ಹಾಗಿತ್ತು. ಅವನು ಹೆಸರು ಹೇಳುವಷ್ಟರಲ್ಲೇ ನಾನು ಮನಸ್ಸಿನಲ್ಲಿ ಅವನಿಗೆ ಇಸ್ತ್ರಿ ಅಂತ ಹೆಸರಿಟ್ಟಾಗಿತ್ತು. ಹಳೆಯ ಎಲೆಕ್ಟ್ರಿಕ್ ಗಿಟಾರ್ ತಂದಿದ್ದ. ಕತ್ತು, ಅಂದರೆ ತಂತಿಗಳ ಕೆಳಗಿನ ಉದ್ದನೆಯ ಹಲಗೆ, ಮೇಪಲ್ ಮರದ್ದು. ಮೇಪಲ್ ಬೆಣ್ಣೆ ಬಣ್ಣದ ಮರ, ವಾರ್ನಿಷ್ ಇರುವತನಕ ಚೆಂದ. ವಾರ್ನಿಷ್ ಸವೆದರೆ ಬೆವರು ಕುಡಿದು ಕಪ್ಪಾಗುತ್ತದೆ. ಈ ಕತ್ತಿನ ಮೇಲೆ ತಂತಿಗಳ ಕೆಳಗೆ ಅಲ್ಲಲ್ಲಿ ಬೆರಳಿನಗಲದ ಕಪ್ಪು ಕಲೆಗಳು, ಮಕ್ಕಳು ಆಡಿ ಆಡಿ ಹುಲ್ಲು ಸವೆದ ಮೈದಾನದ ಹಾಗೆ. ಅಡ್ಡಕ್ಕೆ ಕೂರಿಸಿದ ಲೋಹದ ಕಡ್ಡಿಗಳು, ಅಂದರೆ ಫ್ರೆಟ್ಟುಗಳು, ತಂತಿ ತಿಕ್ಕಿ ತಿಕ್ಕಿ ಹಳ್ಳ ಬಿದ್ದಿವೆ. ಮೀಟಿದರೆ ಸ್ವರ ಬರುವುದಿಲ್ಲ, ಸೀಸೆಯೊಳಗೆ ನೊಣ ಹಾರಿದ ಸದ್ದು ಬರುತ್ತದೆ.

"ಯಾರದು ಸಾರ್ ಗಿಟಾರು?"

"ನಂದೇ."

"ಭಾರಿ ಬಾರಿಸಿದ್ದೀರಿ ಬಿಡಿ. ಇನ್ನೂ ಸ್ವಲ್ಪ ಒತ್ತಿದ್ರೆ ಬೆರಳು ಆ ಕಡೆಯಿಂದ ಬರ್ತಿತ್ತು."

ನಗಲಿಲ್ಲ. ನನ್ನ ಜೋಕಿಗೆ ನಗದವರ ಮೇಲೆ ನನಗೆ ಮೊದಲಿಂದಲೂ ಒಂದು ಕಣ್ಣು.

"ಫ್ರೆಟ್ ಎಲ್ಲಾ ಹೊಸದು ಹಾಕಿ ಮೇಸ್ತ್ರಿ. ಆದ್ರೆ ಮರದ ಮೇಲಿನ ಕಲೆ ಮುಟ್ಟಬೇಡಿ. ಉಜ್ಜೋದೂ ಬೇಡ, ತೊಳೆಯೋದೂ ಬೇಡ."

"ಕಲೆ ಹೋದ್ರೇ ಅಲ್ವಾ ಸಾರ್ ಚೆಂದ? ಮದುಮಗಳ ಕತ್ತಿನ ಥರ ಮಾಡ್ಕೊಡ್ತೀನಿ."

"ಬೇಡ ಅಂದ್ನಲ್ಲ. ಆಮೇಲೆ, ಹಳೇ ಫ್ರೆಟ್ ಬಿಸಾಕಬೇಡಿ. ನಂಗೆ ಬೇಕು."

ಈ ಕೆಲಸಕ್ಕೆ ಕೈ ಹಚ್ಚಿದಾಗಿನಿಂದ ಇವತ್ತಿನವರೆಗೆ ಹಳೆಯ ಫ್ರೆಟ್ ವಾಪಸ್ ಕೇಳಿದವನನ್ನು ಕಂಡಿಲ್ಲ. ಹಲ್ಲು ಕೀಳಿಸಿಕೊಂಡವನು ಹಲ್ಲನ್ನು ಪೊಟ್ಟಣ ಕಟ್ಟಿಕೊಡಿ ಅಂದ ಹಾಗಾಯಿತು.

ಮಾರ್ಚ್ ೪, ಮಂಗಳವಾರ

ಇಸ್ತ್ರಿ ಸುಳ್ಳು ಹೇಳಿದ್ದಾನೆ.

ಗಿಟಾರ್ ಕೊಡುವಾಗ ಅವನ ಎಡಗೈ ನೋಡಿದ್ದೆ. ಇಷ್ಟು ಬಾರಿಸಿದವನ ಬೆರಳ ತುದಿ ಕಾಲಿನ ಹಿಮ್ಮಡಿಯ ಹಾಗೆ ಗಟ್ಟಿಯಾಗಿರಬೇಕು. ಇವನದು ಬೆಳ್ಳಗೆ, ಮೆತ್ತಗೆ, ಆಗತಾನೇ ಸ್ನಾನ ಮಾಡಿಸಿದ ಕೂಸಿನ ಕೈ. ಇವತ್ತು ಬೆಳಗ್ಗೆ ಕತ್ತನ್ನು ಬೆಳಕಿಗೆ ಹಿಡಿದು ಪೂರ್ತಿ ಓದಿದೆ. ಪುಸ್ತಕ ಓದಿ ಅಭ್ಯಾಸವಿಲ್ಲದಿದ್ದರೂ ಸವೆತ ಓದುವುದಕ್ಕೆ ಬರುತ್ತದೆ. ಬಾರಿಸಿದವನು ದೊಡ್ಡ ಆಳು. ತಂತಿಯನ್ನು ಬರೀ ಒತ್ತಿಲ್ಲ, ಎಳೆದು ಬಗ್ಗಿಸಿದ್ದಾನೆ, ಅದಕ್ಕೇ ಕೆಲವು ಹಳ್ಳ ಉದ್ದುದ್ದ. ಉದ್ದ ಬೆರಳು, ಮುಂಗೋಪಿ, ಸಂಜೆಯಾದರೆ ಸ್ವಲ್ಪ ಹಾಕುವ ಅಭ್ಯಾಸವೂ ಇದ್ದಿರಬಹುದು. ದಪ್ಪ ಮೀಸೆ ಇತ್ತು ಅಂತಲೂ ಬೇಕಾದರೆ ಬರೆದುಕೊಡುತ್ತೇನೆ.

ಹಾಗಾದರೆ ಆ ಮೀಸೆಯವನೆಲ್ಲಿ? ಅವನ ಗಿಟಾರ್ ಇವನ ಕೈಗೆ ಹೇಗೆ ಬಂತು?

ಹಳೆಯ ಗಿಟಾರ್‌ಗೆ ಸವೆದಷ್ಟೂ ಬೆಲೆ ಜಾಸ್ತಿ ಕೊಡುವ ಹುಚ್ಚರಿದ್ದಾರೆ. ಅಸಲಿ ಕಲೆ ಇರಬೇಕು, ಅಸಲಿ ಫ್ರೆಟ್ಟನ್ನು ಪುರಾವೆಗೆ ತೋರಿಸಬೇಕು. ಕಲೆ ಮುಟ್ಟಬೇಡಿ, ಫ್ರೆಟ್ ವಾಪಸ್ ಕೊಡಿ! ನನಗೆ ಎಲ್ಲಾ ಅರ್ಥವಾಯಿತು ಇಸ್ತ್ರಿ ಸ್ವಾಮಿ.

ಮಾರ್ಚ್ ೬, ಗುರುವಾರ

ಆದರೂ ಕೆಲಸ ಶುರು ಮಾಡಿದೆ. ಮಾಡದಿದ್ದರೆ ಇನ್ನೊಂದು ಅಂಗಡಿಗೆ ಒಯ್ಯುತ್ತಾನೆ. ಅಲ್ಲಿಗೆ ಕಳ್ಳನೂ ಹೋದ, ಸಾಕ್ಷಿಯೂ ಹೋಯಿತು.

ಮೊದಲು ಬ್ಲೇಡಿನಿಂದ ಒಂದೊಂದು ಫ್ರೆಟ್ಟಿನ ಎರಡೂ ಪಕ್ಕ ವಾರ್ನಿಷ್ ಕೊಯ್ದೆ. ಕೊಯ್ಯದೆ ಎಳೆದರೆ ವಾರ್ನಿಷ್ ಗಾಯದ ಹೊಪ್ಪಳೆಯ ಹಾಗೆ ಎದ್ದು ಬರುತ್ತದೆ. ಸೋಲ್ಡರಿಂಗ್ ಕಡ್ಡಿಯಿಂದ ಫ್ರೆಟ್ಟನ್ನು ಬಿಸಿ ಮಾಡಿ ಇಕ್ಕಳ ಹಾಕಿ ಮೇಲಕ್ಕೆತ್ತಿದೆ. ಬರಲಿಲ್ಲ. ಇನ್ನೊಂದು ಚೂರು ಎತ್ತಿದರೆ ಟಕ್ ಅಂತ ಮರದ ಒಂದು ಚಕ್ಕೆ ಹಾರಿತು. ನನ್ನ ಜೀವವೂ ಅದರ ಜೊತೆ ಸ್ವಲ್ಪ ಹಾರಿತು. ಆಮೇಲೆ ನೆನಪಾಯಿತು, ಈ ಜಾತಿಯ ಹಳೆಯ ಗಿಟಾರ್‌ಗಳಲ್ಲಿ ಫ್ರೆಟ್ಟನ್ನು ಮೇಲಿನಿಂದ ಬಡಿದಿರುವುದಿಲ್ಲ. ಡ್ರಾಯರ್ ತಳ್ಳಿದ ಹಾಗೆ ಪಕ್ಕದಿಂದ ತಳ್ಳಿರುತ್ತಾರೆ. ಹೋದ ದಾರಿಯಲ್ಲೇ ಬರಬೇಕು. ಸಣ್ಣ ಮೊಳೆಯಿಟ್ಟು ಪಕ್ಕದಿಂದ ತಟ್ಟಿದೆ, ಒಳ್ಳೆ ಅಳಿಯನ ಹಾಗೆ ಗಲಾಟೆಯಿಲ್ಲದೆ ಬಂದವು. ಹಾರಿದ ಚಕ್ಕೆಯನ್ನು ಅಂಟು ಹಾಕಿ ಕೂರಿಸಿದೆ.

ತೆಗೆದ ಫ್ರೆಟ್ಟುಗಳನ್ನು ಹಳೆಯ ರಬ್ಬರ್ ಚಪ್ಪಲಿಗೆ ಸಾಲಾಗಿ ಚುಚ್ಚಿಟ್ಟೆ. ಮೊದಲನೆಯದು ಹೆಬ್ಬೆರಳಿನ ಕಡೆ, ಕೊನೆಯದು ಹಿಮ್ಮಡಿ ಕಡೆ. ದಪ್ಪ ತಂತಿಯ ಬದಿ ಎಡಕ್ಕೆ. ಇದು ನನ್ನ ಪದ್ಧತಿ. ಚಪ್ಪಲಿಯನ್ನು ಬಿಸ್ಕತ್ ಡಬ್ಬಿಯಲ್ಲಿಟ್ಟು ಡಬ್ಬಿಯನ್ನು ಬೆಂಚಿನ ಕೆಳಗೆ ಬಚ್ಚಿಟ್ಟೆ. ಕೇಳಿದರೆ ಕಳೆದುಹೋಯಿತು ಅನ್ನುವುದು. ಸಾಹೇಬರು ಬಂದರೆ ತೋರಿಸುವುದಕ್ಕೆ ಬೇಕಲ್ಲ.

ಮೂರೂ ಬೀಗ ಹಾಕಿ, ಎಳೆದು ನೋಡಿ, ಬೀದಿಯ ಕೊನೆಯಿಂದ ವಾಪಸ್ ಬಂದು ಮತ್ತೊಮ್ಮೆ ಎಳೆದು ನೋಡಿದೆ. ಪಕ್ಕದಂಗಡಿಯ ದರ್ಜಿ, "ಏನ್ ಗುರೂ, ಬೀಗದ ಜೊತೆ ಕುಸ್ತಿನಾ?" ಅಂದ. ಇವನಿಗೇಕೆ ನನ್ನ ಬೀಗದ ಚಿಂತೆ?

ಮಾರ್ಚ್ ೧೦, ಸೋಮವಾರ

ಕರೆಯದೆ ಬಂದ ಇಸ್ತ್ರಿ. ಇವತ್ತೂ ಗರಿಗರಿ.

"ಎಲ್ಲಿಗೆ ಬಂತು ಮೇಸ್ತ್ರಿ?"

"ಬಟ್ಟೆ ಬಿಚ್ಚಿ ಮಲಗಿಸಿದ್ದೀನಿ. ಆಪರೇಷನ್ ಬಾಕಿ."

ನಗಲಿಲ್ಲ. ಫ್ರೆಟ್ ಇಲ್ಲದ ಬೋಳು ಕತ್ತಿನ ಹತ್ತಿರ ಹೋಗಿ ಒಂದು ಕಪ್ಪು ಕಲೆಯ ಮೇಲೆ ಬೆರಳಿಟ್ಟ. ಆಮೇಲೆ ಇನ್ನೊಂದರ ಮೇಲೆ. ಎಣಿಸುತ್ತಿದ್ದ ಅಂತ ಕಾಣುತ್ತದೆ, ಬಾಯಿ ಸಣ್ಣಗೆ ಅಲುಗುತ್ತಿತ್ತು. ಮಾಲು ಸರಿಯಾಗಿದೆಯಾ ಅಂತ ಲೆಕ್ಕ!

"ಸಾರ್, ಹೇಗೂ ಬಂದಿದ್ದೀರಿ, ಪಕ್ಕದಲ್ಲಿ ಇನ್ನೊಂದು ಗಿಟಾರ್ ಇದೆ. ಒಂದು ನಾಲ್ಕು ಸ್ವರ ನುಡಿಸಿ ನೋಡೋಣ. ನಿಮ್ಮ ಕೈಗೆ ತಕ್ಕಂಗೆ ಫ್ರೆಟ್ ಎತ್ತರ ಇಡ್ತೀನಿ." ಇದು ನಾನು ಮೂರು ದಿನದಿಂದ ಹೆಣೆದಿಟ್ಟ ಬಲೆ.

ಅವನ ಮುಖ ಕೆಂಪಾಯಿತು. "ಬೇಡ. ಬೇರೆ ಗಿಟಾರಲ್ಲಿ ನಂಗೆ ಬರಲ್ಲ."

ಬೇರೆ ಗಿಟಾರಿನಲ್ಲಿ ಬರುವುದಿಲ್ಲವಂತೆ! ಸ್ವಂತ ತಟ್ಟೆಯಲ್ಲಿ ಬಿಟ್ಟರೆ ಬೇರೆ ತಟ್ಟೆಯಲ್ಲಿ ಊಟ ಮಾಡಲು ಬರುವುದಿಲ್ಲ ಅಂದ ಹಾಗೆ.

"ಹಳೇ ಫ್ರೆಟ್ ಇಟ್ಟಿದ್ದೀರಲ್ಲ?" ಹೋಗುವಾಗ ಕೇಳಿದ.

"ಇರ್ತವೆ, ಎಲ್ಲಿ ಹೋಗ್ತವೆ" ಅಂದೆ. ನನ್ನ ಕಾಲು ಬೆಂಚಿನ ಕೆಳಗಿನ ಡಬ್ಬಿಯನ್ನು ಇನ್ನೂ ಒಳಕ್ಕೆ ತಳ್ಳುತ್ತಿತ್ತು.

ಮಾರ್ಚ್ ೧೧, ಮಂಗಳವಾರ

ಠಾಣೆಯ ಮೆಟ್ಟಿಲವರೆಗೆ ಹೋದೆ. ಒಳಗೆ ಅದೇ ಬೆಂಚು ಕಾಣಿಸಿತು. ನನ್ನನ್ನೇ ಕಾಯುತ್ತಿದ್ದ ಹಾಗಿತ್ತು. ವಾಪಸ್ ಬಂದೆ.

ಮಾರ್ಚ್ ೧೩, ಗುರುವಾರ

ಇವತ್ತು ಪತ್ತೇದಾರಿ. ಸಾಮಾನು ತರಲು ಹೋದಾಗ ಇಸ್ತ್ರಿ ರಸ್ತೆಯಲ್ಲಿ ಕಂಡ. ಹಿಂದೆ ಬಿದ್ದೆ. ನನ್ನ ಹೊಟ್ಟೆ ಮರೆಯಾಗುವಷ್ಟು ದೊಡ್ಡ ಕಂಬ ಈ ಊರಿನಲ್ಲಿಲ್ಲ, ಆದರೂ ಒಂದೊಂದೇ ಕಂಬದ ಹಿಂದೆ ನಿಂತು ನಿಂತು ಹೋದೆ. ಒಬ್ಬ ಹೆಂಗಸು, "ಹುಷಾರಿಲ್ವಾ?" ಅಂತ ಕೇಳಿದಳು.

ಇಸ್ತ್ರಿ ದೊಡ್ಡಾಸ್ಪತ್ರೆಯ ಹತ್ತಿರ ಹೋದ. ಮುಂಬಾಗಿಲಿಗಲ್ಲ, ಹಿಂಬಾಗಿಲಿಗೆ! ಅಲ್ಲಿ ಒಬ್ಬ ಅವನ ಕೈಗೆ ದೊಡ್ಡ ಬಿಳಿ ಗಂಟು ಕೊಟ್ಟ. ಇಸ್ತ್ರಿ ಅತ್ತಿತ್ತ ನೋಡಿ ಗಂಟು ಹೊತ್ತು ಒಳಗೆ ಹೋದ. ಗಂಟಿನಲ್ಲಿ ಏನಿತ್ತು? ಆಸ್ಪತ್ರೆಯ ಹಿಂಬಾಗಿಲಲ್ಲಿ ಏನು ವ್ಯವಹಾರ?

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಪುಸ್ತಕಕ್ಕೆ ಮಾತ್ರ ಹೇಳಬೇಕು ಅನ್ನುವುದು ಮರೆತುಹೋಗಿತ್ತು.

"ಪಾಪ, ಏನೋ ಕೆಲಸ ಇರುತ್ತೆ ರೀ."

"ಹಿಂಬಾಗಿಲಲ್ಲಾ?"

"ನಾನೂ ನಮ್ಮನೆ ಹಿಂಬಾಗಿಲಲ್ಲೇ ಓಡಾಡೋದು. ನನ್ನೂ ಹಿಡಿದು ಕೊಡಿ."

ಒಗ್ಗರಣೆ ಹಾಕಿದ ಹಾಗೆ ಮಾತಾಡುತ್ತಾಳೆ. ಇವಳಿಗೆ ಅವನ ಮೇಲೆ ಇಷ್ಟು ಕನಿಕರ ಯಾಕೆ?

ಮಾರ್ಚ್ ೧೪, ಶುಕ್ರವಾರ

ಬಾಯಿ ತಡೆಯಲಾರದೆ ದರ್ಜಿಗೂ ಹೇಳಿದ್ದಕ್ಕೆ ಅವನು ಒಂದು ಐಡಿಯಾ ಕೊಟ್ಟ. ಅವನು ಕೊಟ್ಟದ್ದಾದರೂ ಐಡಿಯಾ ಚೆನ್ನಾಗಿದೆ.

"ಕಲೆ ಉಜ್ಜಿ ತೆಗೆದುಬಿಡು ಗುರೂ. ಅವನೇ ಬಾರಿಸೋನಾದ್ರೆ, ಅಯ್ಯೋ ಚೆಂದ ಆಯ್ತು ಅಂತಾನೆ. ಮಾರೋಕೆ ತಂದಿದ್ರೆ ಬೆಲೆ ಹೋಯ್ತು ಅಂತ ಸಿಟ್ಟಲ್ಲಿ ಕುಣಿದಾಡ್ತಾನೆ. ಅಲ್ಲಿಗೆ ಗೊತ್ತಾಯ್ತಲ್ಲ."

ಬೇಡ ಅಂದ ಕೆಲಸ ಮಾಡುವುದು ಸರಿಯಾ ಅಂತ ಒಂದು ಗಳಿಗೆ ಅನ್ನಿಸಿತು. ಆದರೆ ಮೇಪಲ್ ಕತ್ತಿಗೆ ಹೊಸ ಫ್ರೆಟ್ ಹಾಕುವ ಮೊದಲು ಹಲಗೆಯನ್ನು ಮಟ್ಟ ಮಾಡಿ ಹೊಸ ವಾರ್ನಿಷ್ ಕೊಡುವುದೇ ಸರಿಯಾದ ಕ್ರಮ. ಯಾವ ಮೇಸ್ತ್ರಿಯನ್ನು ಬೇಕಾದರೂ ಕೇಳಿ. ತಪ್ಪು ಅವನದೇ.

ಮರದ ತುಂಡಿಗೆ ಉಪ್ಪುಕಾಗದ ಸುತ್ತಿ ತಲೆಯ ಕಡೆಯಿಂದ ಉಜ್ಜುತ್ತಾ ಬಂದೆ. ಕಪ್ಪು ಹೋಗಿ ಬೂದು, ಬೂದು ಹೋಗಿ ಹಳದಿ, ಆಮೇಲೆ ಬೆಳ್ಳಗಿನ ಮರ. ಏಳನೇ ಫ್ರೆಟ್ಟಿನ ಜಾಗದವರೆಗೆ ಬಂದಾಗ ಕರೆಂಟ್ ಹೋಯಿತು. ಬೆಳಕಿಲ್ಲದೆ ಮಟ್ಟ ಗೊತ್ತಾಗುವುದಿಲ್ಲ. ಅಲ್ಲಿಗೇ ನಿಲ್ಲಿಸಿದೆ.

ಆಹಾ, ಮದುಮಗಳ ಕತ್ತು! ನಾಳೆ ಬರ್ತೀನಿ ಅಂದಿದ್ದಾನೆ, ಬರಲಿ ಮಗ.

ಮಾರ್ಚ್ ೧೫, ಶನಿವಾರ

ಬಂದ.

ದರ್ಜಿ ಕತ್ತರಿ ಹಿಡಿದುಕೊಂಡೇ ಬಾಗಿಲಲ್ಲಿ ನಿಂತಿದ್ದ, ಕುಣಿತ ನೋಡುವುದಕ್ಕೆ. ನಾನು ಕತ್ತಿನ ಮೇಲಿನ ಬಟ್ಟೆ ಸರಿಸಿ, "ನೋಡಿ ಸಾರ್, ಹೊಸದರ ಹಾಗಾಯ್ತು" ಅಂದೆ.

ಇಸ್ತ್ರಿ ಕುಣಿಯಲಿಲ್ಲ. ಕೂಗಲಿಲ್ಲ. ಸ್ಟೂಲ್ ಎಳೆದುಕೊಂಡು ಕೂತ. ಗಿಟಾರನ್ನು ತೊಡೆಯ ಮೇಲೆ ತೆಗೆದುಕೊಂಡು ಎಡಗೈಯನ್ನು ಆ ಬೆಳ್ಳಗಿನ ಮರದ ಮೇಲಿಟ್ಟ. ಕತ್ತಲ ಕೋಣೆಯಲ್ಲಿ ಸ್ವಿಚ್ ಹುಡುಕುವ ಹಾಗೆ ಬೆರಳುಗಳು ಅಲ್ಲಿ ಇಲ್ಲಿ ಹೋದವು. ಸಿಗಲಿಲ್ಲ. ಕೈ ತೆಗೆದ.

"ಇದು ನಮ್ಮಕ್ಕಂದು" ಅಂದ.

"ನಿಮ್ದೇ ಅಂದ್ರಿ?"

"ಅವಳು ಹೋದ ವರ್ಷ ಹೋದಳು. ಈಗ ನಂದೇ ಅಲ್ವಾ."

ದರ್ಜಿ ಸದ್ದಿಲ್ಲದೆ ತನ್ನ ಅಂಗಡಿಗೆ ಹೋದ. ನಾನು ಎಲ್ಲಿಗೆ ಹೋಗಲಿ?

"ಭಾವ ನನ್ನ ಜೊತೇಲೇ ಇದ್ದಾರೆ ಮೇಸ್ತ್ರಿ. ಮಾತು ಕಮ್ಮಿ ಆಗೋಗಿದೆ. ಬೆಳಗ್ಗೆ ಗಡ್ಡ ಕೆರ್ಕೊಳ್ಳುವಾಗ ಮಾತ್ರ ಒಂದು ಟ್ಯೂನ್ ಗುನುಗ್ತಾರೆ. ಅಕ್ಕಾನೇ ಕಟ್ಟಿದ್ದು, ಮನೇಲಿ ಅವಳೇ ಬಾರಿಸ್ತಿದ್ದಿದ್ದು. ಯಾರೂ ರೆಕಾರ್ಡ್ ಮಾಡಿಟ್ಕೊಂಡಿಲ್ಲ. ಅರ್ಧಕ್ಕೆ ಬಂದು ನಿಂತುಬಿಡ್ತಾರೆ. ಮುಂದಿನದು ನೆನಪಿಗೆ ಬರಲ್ಲ. ಬ್ಲೇಡ್ ಕೆನ್ನೆ ಮೇಲೇ ಇರುತ್ತೆ, ಹಂಗೇ ನಿಂತಿರ್ತಾರೆ. ನಂಗೆ ನೋಡೋಕಾಗಲ್ಲ."

ಈ ಇಸ್ತ್ರಿಯವರಿಗೆ ಗಿಟಾರ್ ಬರುವುದಿಲ್ಲವಂತೆ. ಕಲೆ ಇರುವ ಕಡೆ ಒಂದೊಂದೇ ಒತ್ತಿ ಮೀಟಿ ನೋಡುತ್ತಾರಂತೆ. ಅಕ್ಕನ ಬೆರಳು ಹೋದ ಕಡೆ ತಾನೇ ಟ್ಯೂನ್ ಇರಬೇಕು? ಸರಿಯಾದ ಸ್ವರ ಬಂದರೆ ಭಾವ ಕೂತಲ್ಲಿಂದ ತಲೆ ಎತ್ತುತ್ತಾರೆ. ತಪ್ಪಾದರೆ ಎತ್ತುವುದಿಲ್ಲ. ಹೀಗೇ ಚೂರು ಚೂರೇ ಅರ್ಧ ಟ್ಯೂನ್ ಸಿಕ್ಕಿತ್ತು. ಆಮೇಲೆ ಫ್ರೆಟ್ಟಿನ ಹಳ್ಳದಲ್ಲಿ ಸಿಕ್ಕಿಕೊಂಡು ಎಲ್ಲಾ ಸ್ವರವೂ ಗುಂಯ್ ಅನ್ನತೊಡಗಿ, ಸರಿ ಯಾವುದು ತಪ್ಪು ಯಾವುದು ಅಂತ ಭಾವನಿಗೂ ತಿಳಿಯದೆ ಹೋಯಿತು. ಅದಕ್ಕೇ ನನ್ನ ಹತ್ತಿರ ತಂದದ್ದು.

"ಮುಂದಿನದು ಭಾವಂಗೂ ಗೊತ್ತಿಲ್ಲ, ನಂಗೂ ಗೊತ್ತಿಲ್ಲ" ಅಂದರು. "ಈ ಹಲಗೆಗೆ ಗೊತ್ತಿತ್ತು."

"ಮೊದಲೇ ಹೇಳಬಾರದಿತ್ತಾ ಸಾರ್?"

"ಹೇಳೋಣ ಅಂತಾನೇ ಬಂದಿದ್ದೆ ಮೇಸ್ತ್ರಿ. ನೀವು ಎಲ್ಲದಕ್ಕೂ ತಮಾಷೆ ಮಾಡ್ತೀರಿ. ಇದಕ್ಕೂ ಮಾಡಿಬಿಟ್ರೆ ಅಂತ ಸುಮ್ಮನಾದೆ."

ಜೀವಮಾನದಲ್ಲಿ ಮೊದಲ ಸಲ ನನ್ನ ಬಾಯಿಗೆ ಒಂದು ಜೋಕೂ ಬರಲಿಲ್ಲ. ಏನಾದರೂ ಮಾತಾಡಬೇಕಲ್ಲ ಅಂತ, "ನೀವು ಏನು ಕೆಲಸ ಮಾಡೋದು?" ಅಂದೆ.

"ಆಸ್ಪತ್ರೆ ಲಾಂಡ್ರೀಲಿ. ಹಾಸಿಗೆ ಬಟ್ಟೆಗೆಲ್ಲ ಇಸ್ತ್ರಿ ಹಾಕ್ತೀನಿ."

ಬೈದಿದ್ದರೆ ಚೆನ್ನಾಗಿತ್ತು. "ಹೋಗ್ಲಿ ಬಿಡಿ, ಫ್ರೆಟ್ ಹಾಕಿ ಕೊಡಿ, ಉಳಿದಿರೋದ್ರಲ್ಲಿ ನೋಡೋಣ" ಅಂತ ಹೇಳಿ, ಕೂತ ಸ್ಟೂಲನ್ನು ಎತ್ತಿ ಮೊದಲಿದ್ದ ಜಾಗದಲ್ಲೇ ಇಟ್ಟು ಹೋದರು.

ಮಾರ್ಚ್ ೧೬, ಭಾನುವಾರ

"ಯಾಕ್ರೀ, ಇವತ್ತು ಯಾರ ಮೇಲೂ ಅನುಮಾನ ಇಲ್ವಾ?" ಅಂದಳು ಹೆಂಡತಿ.

ಇದೆ ಅಂದೆ. ಯಾರ ಮೇಲೆ ಅಂತ ಹೇಳಲಿಲ್ಲ.

ಮಾರ್ಚ್ ೧೭, ಸೋಮವಾರ

ಬೆಳಗ್ಗೆ ಬೇಗ ಅಂಗಡಿಗೆ ಹೋದೆ. ಬೋಳು ಕತ್ತನ್ನು ನೋಡುತ್ತಾ ಕೂತಿದ್ದೆ. ಅದೂ ನನ್ನನ್ನು ನೋಡುತ್ತಾ ಕೂತಿತ್ತು. ಉಜ್ಜಿದ ಪುಡಿಯನ್ನು ಗುಡಿಸಿರಲಿಲ್ಲ, ಬೆಂಚಿನ ಕೆಳಗೆ ಬೂದು ಬಣ್ಣದ ಒಂದು ಸಣ್ಣ ಗುಪ್ಪೆ. ಅದನ್ನು ಗುಡಿಸಲು ಬಗ್ಗಿದಾಗ ಬಿಸ್ಕತ್ ಡಬ್ಬಿ ಕಂಡಿತು.

ಚಪ್ಪಲಿ!

ಮೊದಲನೇ ಫ್ರೆಟ್ಟನ್ನು ಕಿತ್ತು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದೆ. ಹಳ್ಳಗಳೆಲ್ಲ ಎದ್ದು ಕಂಡವು. ಯಾವ ತಂತಿಯ ಕೆಳಗೆ ಎಷ್ಟು ಆಳ, ಎಲ್ಲಿ ದುಂಡಗೆ ಒತ್ತಿದ್ದು, ಎಲ್ಲಿ ಉದ್ದಕ್ಕೆ ಎಳೆದದ್ದು, ಎಲ್ಲಾ ಅಲ್ಲೇ ಇದೆ. ಬೆರಳು ಮರವನ್ನು ಕಪ್ಪು ಮಾಡುವಾಗ, ಅದೇ ಬೆರಳಿನ ಕೆಳಗೆ ತಂತಿ ಲೋಹವನ್ನು ತಿನ್ನುತ್ತಿತ್ತು. ಮರದ ಮೇಲಿನ ಬರಹವನ್ನು ನಾನು ಅಳಿಸಿದೆ, ಲೋಹದ ಮೇಲಿನದನ್ನು ನಾನೇ ಬಚ್ಚಿಟ್ಟಿದ್ದೆ. ಕಳ್ಳನನ್ನು ಹಿಡಿಯುವುದಕ್ಕೆ!

ಒಂದೊಂದೇ ಫ್ರೆಟ್ಟನ್ನು ಅದರದೇ ಸೀಳಿನ ಪಕ್ಕಕ್ಕಿಟ್ಟು, ಹಳ್ಳ ಇರುವಲ್ಲಿ ಮರದ ಮೇಲೆ ಸೀಸದ ಕಡ್ಡಿಯಿಂದ ಗುರುತು ಮಾಡಿದೆ. ದುಂಡು ಹಳ್ಳಕ್ಕೆ ಚುಕ್ಕೆ. ಉದ್ದ ಹಳ್ಳಕ್ಕೆ ಗೆರೆ. ಆಳ ಹೆಚ್ಚಿದ್ದರೆ ಚುಕ್ಕೆಯೂ ದೊಡ್ಡದು. ಏಳರವರೆಗೆ ಮಾತ್ರ, ಅದರಿಂದಾಚೆ ಅಕ್ಕನ ಕಲೆಗಳು ಹಾಗೇ ಇವೆ. ಕರೆಂಟ್ ಕಂಪನಿಯವರಿಗೆ ಇಷ್ಟು ದಿನ ಬೈದದ್ದೆಲ್ಲ ವಾಪಸ್.

ಊಟಕ್ಕೆ ಮನೆಗೆ ಹೋಗಲಿಲ್ಲ. ಹೆಂಡತಿ ಡಬ್ಬಿ ಹಿಡಿದು ಬಂದಳು. ಕೆಲಸ ನೋಡಿ ಏನೂ ಹೇಳದೆ ಪಕ್ಕದಲ್ಲಿ ಕೂತು ಒಂದೊಂದೇ ಫ್ರೆಟ್ ಎತ್ತಿಕೊಟ್ಟಳು. ನಾಲ್ಕನೆಯದನ್ನು ತಿರುಗಾಮುರುಗಾ ಹಿಡಿದಿದ್ದಳು. "ದಪ್ಪ ತಂತಿ ಎಡಕ್ಕೆ ಕಣೇ" ಅಂದೆ. "ಗೊತ್ತು ಬಿಡ್ರಿ" ಅಂದಳು. ಗೊತ್ತಿರಲಿಲ್ಲ.

ಸಂಜೆ ಎರಡು ಬೀಗ ಹಾಕಿದೆ. ಮೂರನೆಯದರ ಕೀಲಿ ಎಲ್ಲೋ ಇಟ್ಟಿದ್ದೇನೆ.

ಮಾರ್ಚ್ ೧೮, ಮಂಗಳವಾರ

ಚುಕ್ಕೆಗಳ ಮೇಲೆ ತೆಳ್ಳಗೆ ವಾರ್ನಿಷ್ ಕೊಟ್ಟೆ. ಇನ್ನು ಅಳಿಸುವುದಿಲ್ಲ.

ದರ್ಜಿ ಬಾಗಿಲಲ್ಲಿ ಇಣುಕಿ, "ಕಳ್ಳ ಸಿಕ್ಕಿದ್ನಾ ಗುರೂ?" ಅಂದ, ಮೆಲ್ಲಗೆ.

"ಸಿಕ್ಕಿದ. ಎತ್ತರ ನನ್ನಷ್ಟೇ, ಹೊಟ್ಟೆ ಸ್ವಲ್ಪ ಮುಂದೆ."

"ಹಂಗಾದ್ರೆ ಅಳತೆ ನನ್ನ ಹತ್ರ ಇದೆ ಬಿಡು."

ಇಬ್ಬರೂ ಟೀ ಕುಡಿದೆವು. ಒಳ್ಳೆಯವನೇ ಇವನು.

ಮಾರ್ಚ್ ೨೨, ಶನಿವಾರ

ವಾರ್ನಿಷ್ ಒಣಗಿದೆ. ಹೊಸ ಫ್ರೆಟ್ ಕೂರಿಸಿದೆ. ಫ್ರೆಟ್ಟಿನ ಕಡ್ಡಿಯನ್ನು ಸ್ವಲ್ಪ ಬಾಗಿಸಿ, ಅಳತೆಗೆ ಕತ್ತರಿಸಿ, ಸಣ್ಣ ಸುತ್ತಿಗೆಯಿಂದ ಮೊದಲು ಎರಡು ತುದಿ, ಆಮೇಲೆ ನಡು. ತುದಿಗಳನ್ನು ಅರದಿಂದ ಉಜ್ಜಿ, ಕೈ ಜಾರಿಸಿದರೆ ತರಚದ ಹಾಗೆ ನುಣ್ಣಗೆ ಮಾಡಿದೆ. ಹಳೆಯ ಫ್ರೆಟ್ಟುಗಳನ್ನು ಮತ್ತೆ ಚಪ್ಪಲಿಗೇ ಸಾಲಾಗಿ ಚುಚ್ಚಿದೆ. ಒಂದು ಹೊಸ ಬಟ್ಟೆ ಸುತ್ತಿ ಕೊಡಬೇಕು. ಸತ್ತವರ ಸಾಮಾನನ್ನು ಚಪ್ಪಲಿಯಲ್ಲಿ ಕೊಡುವುದು ಹೇಗೆ ಅನ್ನಿಸಿತು. ಆದರೆ ತೆಗೆದರೆ ಸಾಲು ತಪ್ಪುತ್ತದೆ. ಚಪ್ಪಲಿಯನ್ನು ಸೋಪು ಹಾಕಿ ತೊಳೆದೆ.

ಮಾರ್ಚ್ ೨೫, ಮಂಗಳವಾರ

ತಂತಿ ಕಟ್ಟಿ ಹೇಳಿ ಕಳಿಸಿದ್ದೆ. ಕೆಲಸ ಮುಗಿಸಿ ಬಂದರು. ಚುಕ್ಕೆಗಳನ್ನು ನೋಡಿ ನನ್ನ ಮುಖ ನೋಡಿದರು.

ಚಪ್ಪಲಿ ತೋರಿಸಿ ಎಲ್ಲಾ ಹೇಳಿದೆ. ಬಚ್ಚಿಟ್ಟದ್ದು, ಠಾಣೆಯ ಮೆಟ್ಟಿಲು, ಕಂಬದ ಹಿಂದೆ ನಿಂತದ್ದು, ಒಂದನ್ನೂ ಬಿಡಲಿಲ್ಲ. "ಇವು ಅಕ್ಕನ ಕಲೆ ಅಲ್ಲ ಸಾರ್. ಅಕ್ಕನ ಕಲೆಗಳ ವಿಳಾಸ ಅಷ್ಟೇ" ಅಂದೆ.

ಅವರು ಗಿಟಾರನ್ನು ತೊಡೆಗೆ ತೆಗೆದುಕೊಂಡರು. ಚುಕ್ಕೆಯ ಮೇಲೆ ಬೆರಳಿಟ್ಟು ಮೀಟಿದರು. ಸ್ವರ ತಿಳಿಯಾಗಿ ಬಂತು. ಇನ್ನೊಂದು. ಮತ್ತೊಂದು. ಅಲ್ಲಿಂದ ನಿಧಾನವಾಗಿ ಒಂದು ಟ್ಯೂನ್ ನಡೆಯುತ್ತಾ ಬಂತು, ಹೊಸ ಸೊಸೆ ಮನೆಯೊಳಗೆ ಬಂದ ಹಾಗೆ ಅಂಜುತ್ತಾ. ಅರ್ಧಕ್ಕೆ ನಿಂತಿತು.

"ಇಲ್ಲಿಗೇ ಭಾವ ನಿಲ್ಲಿಸೋದು. ಇಲ್ಲಿ ಒಟ್ಟಿಗೆ ನಾಲ್ಕು ಕಲೆ ಇದ್ವು. ಮೂರಕ್ಕೆ ಬೆರಳು ಇಡ್ತೀನಿ, ಈ ದಪ್ಪ ತಂತೀದು ನಂಗೆ ಯಾವತ್ತೂ ಎಟುಕಿಲ್ಲ. ಕೈ ಇಲ್ಲಿದ್ರೆ ಬೆರಳು ಅಲ್ಲಿಗೆ ಹೇಗೆ ಹೋಗುತ್ತೆ ಮೇಸ್ತ್ರಿ?"

ಚಪ್ಪಲಿಯಿಂದ ಮೊದಲನೇ ಫ್ರೆಟ್ಟನ್ನು ಕಿತ್ತು ಮತ್ತೆ ನೋಡಿದೆ. ದಪ್ಪ ತಂತಿಯ ಹಳ್ಳ ಬೇರೆಯವುಗಳ ಹಾಗಿಲ್ಲ, ಅಂಚಿಗೆ ಜಾರಿದ ಹಾಗಿದೆ. ಗಿಟಾರನ್ನು ಇಸಿದುಕೊಂಡು ಕತ್ತನ್ನು ತಿರುಗಿಸಿದೆ. ಮೇಲಿನ ಅಂಚಿನಲ್ಲಿ, ನಾನು ಉಜ್ಜದೆ ಬಿಟ್ಟ ಕಡೆ, ವಾರ್ನಿಷ್ ಹೋಗಿ ಒಂದು ಅಗಲವಾದ ಕಲೆ. ಬೆರಳಿನ ತುದಿಯದಲ್ಲ.

"ಹೆಬ್ಬೆರಳು!" ಕೂಗಿಯೇಬಿಟ್ಟೆ. "ಅಕ್ಕ ಇದನ್ನ ಕೆಳಗಿನಿಂದ ಒತ್ತಿಲ್ಲ ಸಾರ್. ಹೆಬ್ಬೆರಳನ್ನ ಹಿಂದಿನಿಂದ ಮೇಲೆ ತಂದು ಒತ್ತಿದ್ದಾರೆ. ಬಾಗಿಲ ಮೇಲಿಂದ ಕೈ ಹಾಕಿ ಚಿಲಕ ತೆಗೀತೀವಲ್ಲ, ಹಂಗೆ."

ಅವರು ಹಾಗೇ ಹಿಡಿದರು. ಮೊದಲ ಸಲ ಜಾರಿತು. ಎರಡನೇ ಸಲವೂ. ಆಮೇಲೆ ನಾಲ್ಕೂ ಒಟ್ಟಿಗೆ ಬಂದವು. ಅಂಗಡಿಯ ಗೋಡೆಗೆ ನೇತುಹಾಕಿದ ಗಿಟಾರ್‌ಗಳ ತಂತಿಗಳೆಲ್ಲ ಸಣ್ಣಗೆ ಓಗೊಟ್ಟವು.

"ಅವಳ ಕೈ ದೊಡ್ಡದು" ಅಂದರು. "ಚಿಕ್ಕವರಿದ್ದಾಗ ಜಗಳ ಆದ್ರೆ ನಂಗೆ ಅವಳ ಜಡೆ ಹಿಡಿಯೋಕೆ ಸಿಕ್ತಿರಲಿಲ್ಲ, ನನ್ನ ತಲೆ ಮಾತ್ರ ಅವಳ ಒಂದೇ ಕೈಲಿ ಸಿಕ್ತಿತ್ತು."

"ಸವೆತ ನೋಡಿ ನಾನು, ಬಾರಿಸಿದವನಿಗೆ ದಪ್ಪ ಮೀಸೆ ಇತ್ತು ಅಂತ ಬರೆದಿಟ್ಟಿದ್ದೀನಿ ಸಾರ್."

ಅವರು ನಗಲು ಶುರು ಮಾಡಿದರು ನೋಡಿ, ಗಿಟಾರನ್ನು ಬೆಂಚಿನ ಮೇಲಿಟ್ಟು, ಇಸ್ತ್ರಿ ಮಾಡಿದ ತೋಳಿನಿಂದಲೇ ಕಣ್ಣು ಒರೆಸಿಕೊಂಡು ನಕ್ಕರು. ತೋಳೆಲ್ಲ ಸುಕ್ಕಾಯಿತು.

"ಭಾವಂಗೆ ಹೇಳ್ತೀನಿ ಇದನ್ನ" ಅಂದರು.

ಮಾರ್ಚ್ ೨೯, ಶನಿವಾರ

ಇವತ್ತು ಭಾವನನ್ನು ಕರೆದುಕೊಂಡು ಬಂದರು. ಮನೆಯಲ್ಲಿ ಸ್ಪೀಕರ್ ಕೆಟ್ಟಿದೆಯಂತೆ, ಅಂಗಡಿಯದರಲ್ಲಿ ಬಾರಿಸಬಹುದಾ ಅಂತ ಕೇಳಿದರು. ಕೇಳಬೇಕಾ?

ಭಾವ ತೆಳ್ಳಗಿನ ಮನುಷ್ಯ. ಕೆನ್ನೆಯ ಮೇಲೆ ಬ್ಲೇಡ್ ತಾಗಿದ ಗಾಯಕ್ಕೆ ಕಾಗದದ ಚೂರು ಅಂಟಿಸಿಕೊಂಡಿದ್ದರು. ಸ್ಟೂಲಿನ ಮೇಲೆ ನೆಲ ನೋಡುತ್ತಾ ಕೂತರು. ಟ್ಯೂನ್ ಶುರುವಾಯಿತು. ತಪ್ಪಿತು, ಮತ್ತೆ ಶುರುವಾಯಿತು. ಅವರು ದಿನಾ ನಿಲ್ಲಿಸುವ ಜಾಗ ಬಂತು. ಹೆಬ್ಬೆರಳು ಮೇಲಿನಿಂದ ಬಂದು ಕೂತಿತು. ಟ್ಯೂನ್ ನಿಲ್ಲಲಿಲ್ಲ.

ಭಾವ ತಲೆ ಎತ್ತಿದರು. "ಇಲ್ಲಿ ಅವಳು ಕಣ್ಣು ಮುಚ್ಕೋತಿದ್ದಳು" ಅಂದರು. ಅವರ ದನಿ ಕೇಳಿದ್ದು ಅದೇ ಮೊದಲು. ಮತ್ತೆ, "ಇನ್ನೊಂದ್ಸಲ ಬಾರಿಸು."

ಇನ್ನೊಂದು ಸಲ ಬಾರಿಸಿದರು. ಅದಾದ ಮೇಲೆ ಇನ್ನೊಂದು. ಭಾವ ಜೊತೆಗೆ ಗುನುಗಲು ಶುರು ಮಾಡಿದರು, ಎಲ್ಲೆಲ್ಲಿಯೋ ಶ್ರುತಿ ತಪ್ಪಿಸಿಕೊಂಡು. ಆ ಹಾಡುಗಾರಿಕೆಯ ಬಗ್ಗೆ ನನ್ನ ಹತ್ತಿರ ಒಳ್ಳೆಯ ಜೋಕ್ ಇತ್ತು. ನಾಳೆ ಹೇಳೋಣ ಅಂತ ಇಟ್ಟುಕೊಂಡೆ. ನಾನಲ್ಲಿ ಇದ್ದದ್ದೇ ಅವರಿಗೆ ಮರೆತುಹೋಗಿತ್ತು. ಊಟದ ಹೊತ್ತಾಗಿತ್ತು, ಕೀಲಿಗಳನ್ನು ಬೆಂಚಿನ ಮೇಲೆ ಚಪ್ಪಲಿಯ ಪಕ್ಕ ಇಟ್ಟು ಸದ್ದಿಲ್ಲದೆ ಮನೆಗೆ ಬಂದೆ.

"ಅಂಗಡಿಗೆ ಬೀಗ ಹಾಕಿದ್ರಾ?" ಅಂದಳು ಹೆಂಡತಿ.

"ಒಳಗೆ ಜನ ಇದ್ದಾರೆ ಕಣೇ, ಹೇಗೆ ಹಾಕ್ಲಿ?"

ಬಡಿಸುತ್ತಿದ್ದವಳು ಸೌಟು ಹಿಡಿದುಕೊಂಡೇ ನನ್ನನ್ನು ನೋಡಿದಳು. ಆಮೇಲೆ ಆ ಕಡೆ ತಿರುಗಿ ಒಬ್ಬಳೇ ನಕ್ಕಳು. ಯಾಕೆ ಅಂತ ಕೇಳಿದರೆ ಏನಿಲ್ಲ ಅಂದಳು.

ಏನೋ ಇದೆ. ಈ ಪುಸ್ತಕ ಓದುತ್ತಿರಬೇಕು.